ಇಂಪ್ಲಾಂಟ್ ಆದ ಮಗುವಿಗೆ ಸನ್ನೆ ಭಾಷೆ ಕಲಿಸಿದರೆ ಮಾತು ನಿಲ್ಲುತ್ತದಾ?

ಸುರತ್ಕಲ್ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮಗಳಿಗೆ ಈಗ ನಾಲ್ಕು ವರ್ಷ. ಹುಟ್ಟಿನಿಂದ ಎರಡೂ ಕಿವಿ ಕೇಳುವುದಿಲ್ಲ. ನಮಗೆ ಗೊತ್ತಾಗಿದ್ದು ಒಂದೂವರೆ ವರ್ಷಕ್ಕೆ. ದೀಪಾವಳಿಗೆ ಪಕ್ಕದ ಮನೆಯವರು ಮಾಲೆ ಪಟಾಕಿ ಹಚ್ಚಿದಾಗ ತೊಟ್ಟಿಲಲ್ಲಿ ಅಲುಗಾಡದೆ ಮಲಗಿದ್ದಳು. ಒಳ್ಳೆ ನಿದ್ದೆ ಮಗುವಿಗೆ ಅಂತ ನಾವೆಲ್ಲ ಖುಷಿಪಟ್ಟೆವು. ಆಮೇಲೆ ಕಿವಿ ಕೇಳುತ್ತದಾ ಎಂದು ನೋಡುವ ಬೇರಾ ಟೆಸ್ಟ್, ಹಿಯರಿಂಗ್ ಏಡ್, ಓಡಾಟ, ಸಾಲ. ಮೂರು ವರ್ಷಕ್ಕೆ ಒಂದು ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು, ಅಂದರೆ ಶಬ್ದ ಕೇಳಿಸಲು ಸರ್ಜರಿ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಥೆರಪಿಗೆ ಕರೆದುಕೊಂಡು ಹೋಗುತ್ತೇನೆ.

ದಿನಾ ಬೆಳಿಗ್ಗೆ ಮಷೀನ್ ಹಾಕಿದ ಕೂಡಲೇ ಅವಳ ಹಿಂದೆ ನಿಂತು ಆರು ಶಬ್ದ ಹೇಳುತ್ತೇನೆ. ಆ, ಈ, ಊ, ಮ್, ಶ್, ಸ್. ಕೇಳಿಸಿದರೆ ಡಬ್ಬಕ್ಕೆ ಒಂದು ಹುಣಸೆ ಬೀಜ ಹಾಕಬೇಕು. ಐದಕ್ಕೆ ಹಾಕುತ್ತಾಳೆ. ಸ್ ಇನ್ನೂ ಇಲ್ಲ. ಮಾತು ಹತ್ತು ಹನ್ನೆರಡು ಬಂದಿದೆ. ಅಮ್ಮ, ಬಾ, ನೀರು, ಹೋಯ್ತು, ಹೀಗೆ.

ನನ್ನ ತೊಂದರೆ ಏನೆಂದರೆ, ಒಂದು ಕ್ಲಿನಿಕ್ಕಿನಲ್ಲಿ ಹೇಳಿದರು, "ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಕನ್ನಡ ಸಾಕು. ಕೈಸನ್ನೆ ಪೂರ್ತಿ ನಿಲ್ಲಿಸಿ. ಕೈ ರೂಢಿಯಾದರೆ ಬಾಯಿ ತೆರೆಯುವುದಿಲ್ಲ." ನಮ್ಮ ಅತ್ತೆಗೆ ತುಳು ಬಿಟ್ಟು ಬೇರೆ ಬರುವುದಿಲ್ಲ. ಇಷ್ಟು ದಿನ ಮಗು ಮತ್ತು ಅವರ ನಡುವೆ ಇದ್ದದ್ದೇ ಕೈಸನ್ನೆ. ಮೀನಿಗೆ ಒಂದು, ಹಾಲಿಗೆ ಒಂದು, ಗಲ್ಫಿನಲ್ಲಿರುವ ಅಪ್ಪನಿಗೆ ವಿಮಾನ. ಈಗ ಅತ್ತೆ ಮಗು ಹತ್ತಿರ ಬಂದರೆ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಾರೆ. ಮಗು ಸೆರಗು ಎಳೆದು ಕೈ ಹೊರಗೆ ತೆಗೆಯುತ್ತದೆ. ಅವರು ಮತ್ತೆ ಒಳಗೆ ಇಡುತ್ತಾರೆ. ನೋಡಲಿಕ್ಕೆ ಆಗುವುದಿಲ್ಲ ನನಗೆ.

ಜೂನ್‌ಗೆ ಶಾಲೆ ಬೇರೆ. ನಿಜವಾಗಿ ಸನ್ನೆ ಕಲಿತರೆ ಮಾತು ನಿಲ್ಲುತ್ತದಾ? ಅನುಭವ ಇದ್ದವರು ಹೇಳಿ.

ಮಲ್ಪೆಯ ಅಪ್ಪ

ಅಕ್ಕ, ನನ್ನ ಮಗನಿಗೆ ಈಗ ಒಂಬತ್ತು. ಅವನಿಗೂ ಇಂಪ್ಲಾಂಟ್, ಒಂದು ವರ್ಷ ಎಂಟು ತಿಂಗಳಲ್ಲಿ ಆಯಿತು. ನಾವು ಸನ್ನೆ ಮಾಡಲೇ ಇಲ್ಲ. ಕಷ್ಟ ಆಯಿತು, ಆದರೆ ಇವತ್ತು ಅವನು ಎಲ್ಲ ಮಕ್ಕಳ ಜೊತೆ ಸಾಮಾನ್ಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಸ್ಕೂಟರಿನ ಹಿಂದೆ ಕೂತು ಪ್ರಶ್ನೆ ಕೇಳುತ್ತಾನೆ, ನಾನು ಮುಂದೆ ನೋಡಿಕೊಂಡೇ ಉತ್ತರ ಕೊಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಮನೆ ಕತ್ತಲಾದಾಗ "ಅಪ್ಪಾ ಎಲ್ಲಿದ್ದೀ" ಅಂತ ಕೂಗುತ್ತಾನೆ. ಕತ್ತಲೆಯಲ್ಲಿ ಸನ್ನೆ ಕಾಣುವುದಿಲ್ಲ, ಅಲ್ವಾ?

ಅಂಗಡಿಯವನಿಗೆ ಸನ್ನೆ ಬರುವುದಿಲ್ಲ, ಕಂಡಕ್ಟರ್‌ಗೆ ಬರುವುದಿಲ್ಲ. ಪ್ರಪಂಚ ಮಾತಾಡುತ್ತದೆ. ಮಗು ಆ ಪ್ರಪಂಚದಲ್ಲಿ ಬದುಕಬೇಕು. ದಯವಿಟ್ಟು ಥೆರಪಿ ಬಿಡಬೇಡಿ. ಇನ್ನೊಂದು ವಿಷಯ, ಮೇ ಕೊನೆಗೇ ಡ್ರೈಯಿಂಗ್ ಬಾಕ್ಸಿನ ಸಿಲಿಕಾ ಜೆಲ್ ಬದಲಾಯಿಸಿ. ನಮ್ಮ ಕರಾವಳಿಯ ತೇವಕ್ಕೆ ಪ್ರೊಸೆಸರ್, ಅಂದರೆ ಕಿವಿಯ ಹೊರಗೆ ಹಾಕುವ ಮಷೀನ್, ಬೇಗ ಹಾಳಾಗುತ್ತದೆ. ರಾತ್ರಿ ದಿನಾ ಬಾಕ್ಸಿನಲ್ಲಿಡಿ.

ಡೆಫ್ ಮೂಲ್ಕಿ

ನಾನು ಡೆಫ್, ಕಿವಿ ಕೇಳುವುದಿಲ್ಲ. 34 ವರ್ಷ. ಇಲ್ಲಿ ಬರೆಯುವ ಕನ್ನಡ ನಾನು ತುಂಬ ತಡವಾಗಿ ಕಲಿತದ್ದು.

ನನ್ನ ಶಾಲೆಯಲ್ಲಿ ಸನ್ನೆ ಮಾಡಿದರೆ ಕೈ ಮೇಲೆ ಸ್ಕೇಲಿನ ಪೆಟ್ಟು. ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂರಬೇಕಿತ್ತು. ಟೀಚರ ತುಟಿ ನೋಡಬೇಕು. ನೀವು ಒಮ್ಮೆ ಕನ್ನಡಿ ಮುಂದೆ ನಿಂತು ಶಬ್ದ ಮಾಡದೆ ಹೇಳಿ ನೋಡಿ: ಮರ, ಬರ, ಪರ. ಪಾಪ, ಬಾಬ, ಮಾಮ. ತುಟಿಯಲ್ಲಿ ಎಲ್ಲ ಒಂದೇ. ಕ, ಗ ಗಂಟಲಲ್ಲಿ ಆಗುತ್ತದೆ, ಕಾಣುವುದೇ ಇಲ್ಲ. ತುಟಿ ಓದುವುದು ಅಂದರೆ ಅರ್ಧಕ್ಕಿಂತ ಜಾಸ್ತಿ ಊಹೆ. ನಾನು ದಿನಕ್ಕೆ ಆರು ಗಂಟೆ ಊಹೆ ಮಾಡಿ ಮನೆಗೆ ಬರುತ್ತಿದ್ದೆ. ತಲೆ ಸಿಡಿಯುತ್ತಿತ್ತು.

ನಮ್ಮ ಕುಟುಂಬದ ನೇಮಕ್ಕೆ, ಅಂದರೆ ಭೂತಕೋಲಕ್ಕೆ, ಎಲ್ಲರೂ ಸೇರುತ್ತಾರೆ. ಊಟದ ಹೊತ್ತಿಗೆ ಯಾರೋ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಾನು ಅಕ್ಕನ ಕೈ ಹಿಡಿದು ಏನು ಅಂತ ಕೇಳುತ್ತೇನೆ. ಅವಳು ಹೇಳುತ್ತಾಳೆ, "ಬೊಕ್ಕ ಪನ್ಪೆ." ಆಮೇಲೆ ಹೇಳುತ್ತೇನೆ. ತುಟಿ ಮೂರು ಸಲ ಮುಚ್ಚುತ್ತದೆ. ತುಳುವಿನಲ್ಲಿ ನಾನು ಎಂದೂ ತಪ್ಪದೆ ಓದುವ ಮಾತು ಅದೊಂದೇ. ಆಮೇಲೆ ಯಾರೂ ಹೇಳುವುದಿಲ್ಲ.

ಹದಿನೇಳು ವರ್ಷಕ್ಕೆ ಮಂಗಳೂರಿನಲ್ಲಿ ಬೇರೆ ಡೆಫ್ ಹುಡುಗರು ಸಿಕ್ಕಿದರು. ಆರು ತಿಂಗಳಲ್ಲಿ ಸನ್ನೆ ಕಲಿತೆ. ಅಪ್ಪನಿಗೆ ಯಾವ ಕಾಯಿಲೆ ಇತ್ತು, ಚಿಕ್ಕಪ್ಪ ಯಾಕೆ ಮನೆಗೆ ಬರುವುದಿಲ್ಲ, ಮತ ಹಾಕುವುದು ಯಾಕೆ, ಎಲ್ಲ ಗೊತ್ತಾದದ್ದು ಆಮೇಲೆ. ಅಷ್ಟು ವರ್ಷ ನನ್ನಲ್ಲಿ ಭಾಷೆಯೇ ಇರಲಿಲ್ಲ. ಕಿವಿ ಕೇಳದೆ ಇದ್ದದ್ದಕ್ಕೆ ನನಗೆ ದುಃಖ ಇಲ್ಲ. ಭಾಷೆ ಇಲ್ಲದ ಆ ವರ್ಷಗಳಿಗೆ ಉಂಟು.

ಅಕ್ಕ, ಅಜ್ಜಿಗೆ ಕೈ ಹೊರಗೆ ತೆಗೆಯಲು ಹೇಳಿ.

ಆಡಿಯಾಲಜಿಸ್ಟ್, ಮಂಗಳೂರು

ನಾನು ಕಿವಿ ಕೇಳುವುದರ ಪರೀಕ್ಷೆ, ಚಿಕಿತ್ಸೆಯ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಮೂಲ್ಕಿಯವರ ಮಾತು ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ಆದರೂ ನಾವು ಹಾಗೆ ಯಾಕೆ ಹೇಳುತ್ತೇವೆ ಎನ್ನುವುದನ್ನು ಬರೆಯಬೇಕು.

ಇಂಪ್ಲಾಂಟ್ ಕಿವಿಯನ್ನು ರಿಪೇರಿ ಮಾಡುವುದಿಲ್ಲ. ಹೊರಗಿನ ಪ್ರೊಸೆಸರ್ ಶಬ್ದವನ್ನು ವಿದ್ಯುತ್ ಸಂಕೇತ ಮಾಡಿ ಒಳಗೆ ಕಳಿಸುತ್ತದೆ. ಒಳಕಿವಿಯಲ್ಲಿರುವ, ಬಸವನ ಹುಳುವಿನ ಚಿಪ್ಪಿನ ಆಕಾರದ ಕಾಕ್ಲಿಯಾದೊಳಗಿನ ಎಲೆಕ್ಟ್ರೋಡುಗಳು ನೇರವಾಗಿ ಶ್ರವಣ ನರವನ್ನು ತಟ್ಟುತ್ತವೆ. ಶಬ್ದ ಹಿಡಿಯುವ ಸಾವಿರಾರು ಕೂದಲು ಕೋಶಗಳ ಕೆಲಸವನ್ನು ಇಪ್ಪತ್ತರ ಆಸುಪಾಸಿನ ಎಲೆಕ್ಟ್ರೋಡುಗಳು ಮಾಡಬೇಕು. ಈ ಹೊಸ ಶಬ್ದಕ್ಕೆ ಅರ್ಥ ಕಟ್ಟುವುದನ್ನು ಮೆದುಳು ಕಲಿಯಬೇಕು. ಅದಕ್ಕೆ ಎಳೆ ವಯಸ್ಸೇ ಒಳ್ಳೆಯದು. ಹುಟ್ಟಿ ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರರೊಳಗೆ ಖಚಿತ ಪರೀಕ್ಷೆ, ಆರರೊಳಗೆ ಚಿಕಿತ್ಸೆ ಶುರು ಎನ್ನುವ ಲೆಕ್ಕ ಬಂದದ್ದು ಇದಕ್ಕೇ. ಎಚ್ಚರ ಇರುವಷ್ಟು ಹೊತ್ತೂ ಮಷೀನ್ ಕಿವಿಯಲ್ಲಿರಬೇಕು. ಸನ್ನೆಯಲ್ಲಿ ಕೆಲಸ ಆಗುತ್ತದೆ ಎಂದು ಮಷೀನನ್ನು ಕಪಾಟಿನಲ್ಲಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಸರ್ಕಾರದ ದುಡ್ಡಿನಲ್ಲಿ ಸರ್ಜರಿ ಆಗಿರುತ್ತದೆ, ಆಮೇಲೆ ವೈರ್ ತುಂಡಾದರೆ ತರಲು ಮನೆಯಲ್ಲಿ ದುಡ್ಡಿರುವುದಿಲ್ಲ. ನಮ್ಮ ಹೆದರಿಕೆ ಇದು.

2017ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಮೆರಿಕದ ಅಧ್ಯಯನ ಬಂತು. ಮನೆಯಲ್ಲಿ ಸನ್ನೆ ಬಳಸದ ಇಂಪ್ಲಾಂಟ್ ಮಕ್ಕಳ ಮಾತು ಮತ್ತು ಓದು ಮುಂದಿತ್ತು ಎಂದು ಅದರಲ್ಲಿತ್ತು. ನಮ್ಮಲ್ಲಿ ತುಂಬ ಜನ ಅದನ್ನೇ ಹಿಡಿದುಕೊಂಡಿದ್ದಾರೆ.

ನಿವೃತ್ತ ಟೀಚರ್, ಉಡುಪಿ

ಮೇಡಂ, ಆ ಅಧ್ಯಯನಕ್ಕೆ ಬಂದ ಉತ್ತರಗಳನ್ನೂ ಹೇಳಬೇಕು. ಆ ಮನೆಗಳಲ್ಲಿ ಅಪ್ಪ ಅಮ್ಮನಿಗೆ ಸನ್ನೆ ಎಷ್ಟು ಬರುತ್ತಿತ್ತು ಎಂದು ಅಳೆದೇ ಇರಲಿಲ್ಲ ಎಂದು ಬೇರೆ ಸಂಶೋಧಕರು ಬರೆದರು. ನಾಲ್ಕು ಸನ್ನೆ ಗೊತ್ತಿರುವ ಮನೆಯನ್ನು ಸನ್ನೆ ಭಾಷೆಯ ಮನೆ ಎಂದು ಲೆಕ್ಕ ಹಾಕಿದರೆ ಹೇಗೆ? ಅಪ್ಪ ಅಮ್ಮ ಇಬ್ಬರೂ ಡೆಫ್ ಆಗಿದ್ದು, ಹುಟ್ಟಿನಿಂದ ಸನ್ನೆ ನೋಡಿ ಬೆಳೆದು, ಆಮೇಲೆ ಇಂಪ್ಲಾಂಟ್ ಆದ ಮಕ್ಕಳ ಮೇಲೂ ಅಧ್ಯಯನ ಆಗಿದೆ. ಚಿಕ್ಕ ಗುಂಪು, ನಿಜ. ಆದರೆ ಆ ಮಕ್ಕಳ ಇಂಗ್ಲಿಷ್ ಮಾತು ಹಿಂದೆ ಬೀಳಲಿಲ್ಲ.

ನಾನು ಮೂವತ್ತು ವರ್ಷ ಕೇಳದ ಮಕ್ಕಳಿಗೆ ಪಾಠ ಮಾಡಿದವಳು. ಮೂಲ್ಕಿಯ ತಮ್ಮ ಹೇಳಿದ ಸ್ಕೇಲು ನನ್ನ ಕೈಯಲ್ಲೂ ಇತ್ತು. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ನಮಗೆ ಟ್ರೇನಿಂಗ್‌ನಲ್ಲಿ ಕಲಿಸಿದ್ದೇ ಹಾಗೆ. ತುಟಿಯ ಮುಂದೆ ಕಾಗದದ ಚೂರು ಹಿಡಿದು ಪ ಕಲಿಸುವುದು. ಕಾಗದ ಹಾರಬೇಕು. ಮಗುವಿನ ಕೈಯನ್ನು ನನ್ನ ಗಂಟಲ ಮೇಲೆ ಇಟ್ಟು ಬ ಕಲಿಸುವುದು. ಗಂಟಲು ನಡುಗಬೇಕು. ಒಬ್ಬ ಹುಡುಗ ಇದ್ದ. ಒಂದು ವರ್ಷ ಒದ್ದಾಡಿ ಎಂಟು ಪದ ಕಲಿತ. ಅವನ "ನೀರು" ನನಗೆ ಅರ್ಥ ಆಗುತ್ತಿತ್ತು, ಅವನ ಅಪ್ಪನಿಗೆ ಆಗುತ್ತಿರಲಿಲ್ಲ. ಒಂದು ರಾತ್ರಿ ಹಾಸ್ಟೆಲ್ ಕಿಟಕಿಯಿಂದ ನೋಡಿದೆ. ಅದೇ ಹುಡುಗ ಮಂಚದ ಮೇಲೆ ನಿಂತು ರಜೆಯಲ್ಲಿ ಊರಲ್ಲಿ ನೋಡಿದ ಯಕ್ಷಗಾನವನ್ನು ಪೂರ್ತಿ ಕೈಯಲ್ಲಿ ಹೇಳುತ್ತಿದ್ದ. ಮಹಿಷಾಸುರ ಎರಡು ಕಡೆ ಪಂಜು ಹಿಡಿದು ಸಭೆಯ ನಡುವಿನಿಂದ ಬಂದದ್ದು, ಜನ ಎದ್ದು ದಾರಿ ಬಿಟ್ಟದ್ದು, ಮುಂದಿನ ಸಾಲಿನ ಮಗು ಹೆದರಿ ಅತ್ತದ್ದು. ಇಪ್ಪತ್ತು ಮಕ್ಕಳು ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಹಗಲು ನನ್ನ ಕ್ಲಾಸಿನಲ್ಲಿ ಅವನು ದಡ್ಡ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಎಲ್ಲ ದೇಶದಲ್ಲೂ ಆದ ಕಥೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆದು, ಶಾಲೆಗಳಲ್ಲಿ ಮಾತೇ ಇರಲಿ, ಸನ್ನೆ ಬೇಡ ಎಂದು ನಿರ್ಣಯ ಮಾಡಿದರು. ಅಲ್ಲಿದ್ದ 164 ಪ್ರತಿನಿಧಿಗಳಲ್ಲಿ ಡೆಫ್ ಇದ್ದದ್ದು ಒಬ್ಬರೇ. ಹೆಚ್ಚುಕಡಿಮೆ ನೂರು ವರ್ಷ ಪ್ರಪಂಚ ಅದರ ಹಿಂದೆಯೇ ಹೋಯಿತು. ಸನ್ನೆಗೂ ವ್ಯಾಕರಣ ಉಂಟು, ಅದೂ ಒಂದು ಭಾಷೆ ಎಂದು ಭಾಷಾ ಸಂಶೋಧಕ ವಿಲಿಯಂ ಸ್ಟೋಕಿ ಅಮೆರಿಕದಲ್ಲಿ ತೋರಿಸಿದ್ದು 1960ರಲ್ಲಿ. ಮಿಲಾನ್ ನಿರ್ಣಯ ತಪ್ಪು ಎಂದು ಅದೇ ಸಮ್ಮೇಳನದವರು ವ್ಯಾಂಕೂವರ್‌ನಲ್ಲಿ ವಿಷಾದ ಹೇಳಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ನನ್ನ ಸರ್ವಿಸ್ ಮುಗಿಯುತ್ತಾ ಬಂದಿತ್ತು.

ಮಧ್ಯ ಅಮೆರಿಕದ ನಿಕರಾಗುವಾದಲ್ಲಿ 1970ರ ದಶಕದ ಕೊನೆಗೆ ಡೆಫ್ ಮಕ್ಕಳನ್ನು ಮೊದಲ ಸಲ ಒಂದೇ ಶಾಲೆಯಲ್ಲಿ ಸೇರಿಸಿದರು. ಟೀಚರುಗಳು ಕಲಿಸಿದ್ದು ಸ್ಪ್ಯಾನಿಷ್ ತುಟಿ ಓದುವುದು. ಮಕ್ಕಳು ಅಂಗಳದಲ್ಲಿ, ಬಸ್ಸಿನಲ್ಲಿ ತಾವೇ ಒಂದು ಹೊಸ ಭಾಷೆ ಕಟ್ಟಿಕೊಂಡರು. ಹಾಸ್ಟೆಲಿನ ಕಿಟಕಿಯಲ್ಲಿ ನಾನು ನೋಡಿದ್ದೂ ಅದನ್ನೇ ಅಲ್ವಾ?

ಕಾಪು ಅಕ್ಕ

ನನ್ನ ತಮ್ಮ ಡೆಫ್. ಮೂಲ್ಕಿಯವರ "ಬೊಕ್ಕ ಪನ್ಪೆ" ಓದಿ ಅಳು ಬಂತು. ನಾನೂ ಹಾಗೇ ಹೇಳುತ್ತಿದ್ದೆ. ಇವತ್ತು ರಾತ್ರಿ ಅವನಿಗೆ ವಿಡಿಯೊ ಕಾಲ್ ಮಾಡುತ್ತೇನೆ.

ಮಲ್ಪೆಯ ಅಪ್ಪ

ಟೀಚರ್, ನಿಮ್ಮ ಕ್ಲಾಸಿನ ಆ ಮಕ್ಕಳಿಗೆ ಇಂಪ್ಲಾಂಟ್ ಇರಲಿಲ್ಲ. ಶಬ್ದವೇ ಕೇಳದ ಮಗುವಿಗೆ ಮಾತು ಕಲಿಸುವುದು ಬೇರೆ, ಇಂಪ್ಲಾಂಟ್ ಇರುವ ಮಗುವಿಗೆ ಕಲಿಸುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ನನ್ನ ಮಗ ಚೆನ್ನಾಗಿದ್ದಾನೆ.

ನಿವೃತ್ತ ಟೀಚರ್, ಉಡುಪಿ

ಒಪ್ಪುತ್ತೇನೆ. ನಿಮ್ಮ ಮಗನ ಬಗ್ಗೆ ನನಗೆ ಖುಷಿ. ಆದರೆ ಅವನಿಗೆ ಎರಡು ವರ್ಷದೊಳಗೆ ಸರ್ಜರಿ ಆಯಿತು. ಈ ಮಗುವಿಗೆ ಮೂರಕ್ಕೆ ಆಯಿತು. ನಾಲ್ಕು ವರ್ಷದ ಮಗು ಸಾವಿರಗಟ್ಟಲೆ ಪದ ಆಡಬೇಕು. ಇವಳಿಗೆ ಬಂದಿರುವುದು ಹನ್ನೆರಡು. ಕತ್ತಲೆಗೆ ಹೆದರುತ್ತೇನೆ, ಅಪ್ಪ ಯಾವಾಗ ಬರುತ್ತಾರೆ, ಆ ಹುಡುಗ ನನ್ನನ್ನು ತಳ್ಳಿದ, ಇದನ್ನೆಲ್ಲ ಅವಳು ಯಾವುದರಲ್ಲಿ ಹೇಳಬೇಕು? ಮಾತು ಬರುವವರೆಗೆ ಅವಳ ಮನಸ್ಸು ಕಾಯುವುದಿಲ್ಲ.

ಸ್ನಾನಕ್ಕೆ, ನಿದ್ದೆಗೆ ಮಷೀನ್ ತೆಗೆಯುತ್ತೀರಿ. ಸಮುದ್ರಕ್ಕೆ ಹೋದರೆ ತೆಗೆಯುತ್ತೀರಿ. ಆಗ ಅವಳು ಪೂರ್ತಿ ಕೇಳದ ಮಗು. ಕತ್ತಲೆಗೆ ಮಾತು ಬೇಕು, ನೀರಿಗೆ ಸನ್ನೆ ಬೇಕು. ಎರಡೂ ಇರಲಿ.

ಸುರತ್ಕಲ್ ಅಮ್ಮ

ಇದನ್ನು ನಾನು ಯೋಚಿಸಿರಲೇ ಇಲ್ಲ. ರಾತ್ರಿ ಮಷೀನ್ ತೆಗೆದ ಮೇಲೆ ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸುತ್ತಾಳೆ. ನಾನು ಮುದ್ದು ಅಂದುಕೊಂಡಿದ್ದೆ.

ಆದರೆ ನಮ್ಮ ಅತ್ತೆ ಮಾಡುವುದು ಸನ್ನೆ ಭಾಷೆಯಾ? ಅದು ಅವರೇ ಮಾಡಿಕೊಂಡದ್ದು. ಮತ್ತೆ ತುಳು, ಕನ್ನಡ, ಶಾಲೆಯ ಇಂಗ್ಲಿಷ್, ಇದರ ಮೇಲೆ ಸನ್ನೆ. ಮಗುವಿನ ತಲೆ ಕೆಡುವುದಿಲ್ಲವಾ?

ಡೆಫ್ ಮೂಲ್ಕಿ

ಅಜ್ಜಿಯದು ಮನೆ ಸನ್ನೆ. ಮೀನು, ಹಾಲು ಹೇಳಬಹುದು. ನಿನ್ನೆ ಮೀನು ಸಿಗಲಿಲ್ಲ, ಯಾಕೆಂದರೆ ಬೋಟು ಹೋಗಲಿಲ್ಲ ಎಂದು ಹೇಳಲು ಆಗುವುದಿಲ್ಲ. ಅದಕ್ಕೆ ಭಾಷೆ ಬೇಕು. ಇಂಡಿಯನ್ ಸೈನ್ ಲಾಂಗ್ವೇಜ್, ನಾವು ಐಎಸ್ಎಲ್ ಅನ್ನುತ್ತೇವೆ. ಅದರಲ್ಲಿ ಹುಬ್ಬು, ಕಣ್ಣು, ತಲೆ ಎಲ್ಲ ವ್ಯಾಕರಣ. ಪ್ರಶ್ನೆಯ ಪದ ಕೊನೆಗೆ ಬರುತ್ತದೆ. "ನಿನ್ನ ಹೆಸರು ಏನು", ಕನ್ನಡದ ಹಾಗೇ. ಸ್ಪೆಲಿಂಗ್ ಎರಡು ಕೈಯಲ್ಲಿ. ಇಂಗ್ಲಿಷಿನ ಎ, ಇ, ಐ, ಒ, ಯು ಐದೂ ಎಡಗೈಯ ಐದು ಬೆರಳ ತುದಿಯಲ್ಲಿವೆ. ಮಗು ಒಂದು ದಿನದಲ್ಲಿ ಕಲಿಯುತ್ತದೆ.

ತಲೆ ಕೆಡುವ ಮಾತು ಕೇಳಿ ನನಗೆ ಆಶ್ಚರ್ಯ. ಮಂಗಳೂರಿನಲ್ಲಿ ಎಲ್ಲ ಮಕ್ಕಳೂ ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಯಾರ ತಲೆ ಕೆಟ್ಟಿದೆ?

ಗೌರಿಬಿದನೂರು ಹತ್ತಿರ ಅಲೀಪುರ ಅಂತ ಊರುಂಟು. ಅಲ್ಲಿ ಡೆಫ್ ಜನ ತುಂಬ. ಆ ಊರಿನದೇ ಸನ್ನೆ ಭಾಷೆ ಉಂಟು, ಕೇಳುವವರಲ್ಲೂ ತುಂಬ ಜನರಿಗೆ ಬರುತ್ತದೆ. ಅಂಗಡಿಯವನಿಗೆ ಸನ್ನೆ ಬರುವುದಿಲ್ಲ ಎಂದು ಮಲ್ಪೆಯವರು ಹೇಳಿದರು. ಅಲ್ಲಿ ಬರುತ್ತದೆ.

ಆಡಿಯಾಲಜಿಸ್ಟ್, ಮಂಗಳೂರು

ಒಂದೇ ಭಾಷೆ ಎಂದು ನಾವು ಹೇಳುವುದು ಶುರುವಿನಲ್ಲಿ ಶಬ್ದ ಗಟ್ಟಿಯಾಗಲಿ ಎಂದು. ಆದರೆ ಆ ಸಲಹೆಯಿಂದ ಅಜ್ಜಿ ಮಾತಿಲ್ಲದವರಾಗುತ್ತಾರೆ ಎಂದರೆ ಸಲಹೆ ತಪ್ಪು. ಅಜ್ಜಿ ತುಳುವಿನಲ್ಲೇ ಮಾತಾಡಲಿ. ನಿರರ್ಗಳ ತುಳು ಮುರುಕು ಕನ್ನಡಕ್ಕಿಂತ ಒಳ್ಳೆಯದು.

ಇನ್ನೊಂದು ಮಾತನ್ನು ನಾವು ಕ್ಲಿನಿಕ್ಕಿನಲ್ಲಿ ಕಡಿಮೆ ಹೇಳುತ್ತೇವೆ. ಇಂಪ್ಲಾಂಟ್ ಆದವರಿಗೆಲ್ಲ ಒಂದೇ ಥರ ಮಾತು ಬರುವುದಿಲ್ಲ. ನರ ಸಪೂರ ಇರಬಹುದು, ಮೆನಿಂಜೈಟಿಸ್ ಎಂಬ ಮೆದುಳು ಜ್ವರದಿಂದ ಕಾಕ್ಲಿಯಾ ಗಟ್ಟಿಯಾಗಿರಬಹುದು, ತಡ ಆಗಿರಬಹುದು. ಕೆಲವೊಮ್ಮೆ ಎಲ್ಲ ಸರಿ ಇದ್ದೂ ಬರುವುದಿಲ್ಲ. ಯಾವ ಮಗುವಿಗೆ ಎಷ್ಟು ಬರುತ್ತದೆ ಎಂದು ಸರ್ಜರಿ ದಿನ ಹೇಳಲು ಆಗುವುದಿಲ್ಲ. ಸನ್ನೆಯನ್ನು ನಾವು ಕೊನೆಯ ದಾರಿ ಮಾಡಿಬಿಟ್ಟಿದ್ದೇವೆ. ಏಳು ವರ್ಷಕ್ಕೆ ಮಾತು ಬರಲಿಲ್ಲ, ಇನ್ನು ಸನ್ನೆ ಕಲಿಸಿ ಅನ್ನುತ್ತೇವೆ. ಅಷ್ಟರಲ್ಲಿ ಭಾಷೆ ಕಲಿಯುವ ಒಳ್ಳೆಯ ವರ್ಷಗಳು ಕಳೆದಿರುತ್ತವೆ. ಈ ಚರ್ಚೆ ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ.

ನನ್ನ ಕೋರಿಕೆ ಒಂದೇ. ಸನ್ನೆ ಮಾಡುವಾಗಲೂ ಮಷೀನ್ ಕಿವಿಯಲ್ಲಿರಲಿ. ಬೆಳಗಿನ ಹುಣಸೆ ಬೀಜ ನಿಲ್ಲಿಸಬೇಡಿ. ಸ್ ಕೇಳದ್ದಕ್ಕೆ ಮುಂದಿನ ಸಲ ಮಷೀನಿನ ಶಬ್ದ ಸರಿಹೊಂದಿಸುವಾಗ, ಅಂದರೆ ಮ್ಯಾಪಿಂಗ್‌ನಲ್ಲಿ ತಪ್ಪದೆ ಹೇಳಿ.

ಕಾರ್ಕಳದವಳು

ಶಾಲೆ ಬಗ್ಗೆ ಯಾರೂ ಹೇಳಲಿಲ್ಲ. ನಾವೂ ಅದೇ ಗೊಂದಲದಲ್ಲಿದ್ದೇವೆ. ವಿಶೇಷ ಶಾಲೆಗೆ ಹಾಕಿದರೆ ಹಾಸ್ಟೆಲ್, ಇಲ್ಲಿ ಹಾಕಿದರೆ ಟೀಚರಿಗೆ ಏನೂ ಗೊತ್ತಿಲ್ಲ.

ನಿವೃತ್ತ ಟೀಚರ್, ಉಡುಪಿ

ಕಾನೂನು ನಿಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ಸನ್ನೆ ಭಾಷೆ ಬರುವ ಟೀಚರುಗಳನ್ನು ತಯಾರು ಮಾಡಬೇಕು ಎಂದೂ ಅದರಲ್ಲಿದೆ. ಬರೆದದ್ದೆಲ್ಲ ಆಗಿಲ್ಲ, ಅದು ಬೇರೆ ವಿಷಯ. ಕೇಳುವ ಧೈರ್ಯ ಮಾಡಿ.

ಶಾಲೆ ನೋಡಲು ಹೋದಾಗ ಕಟ್ಟಡ ನೋಡಬೇಡಿ. ಆಟದ ಹೊತ್ತಿಗೆ ಹೋಗಿ ಅಂಗಳದಲ್ಲಿ ನಿಲ್ಲಿ. ಟೀಚರ್ ಮತ್ತು ಮಗು ಸುಲಭವಾಗಿ ಹರಟೆ ಹೊಡೆಯುತ್ತಾರಾ ನೋಡಿ, ಕೈಯಲ್ಲೋ ಬಾಯಲ್ಲೋ. ಡೆಫ್ ಆದ ದೊಡ್ಡವರು ಒಬ್ಬರಾದರೂ ಕೆಲಸಕ್ಕಿದ್ದಾರಾ ಕೇಳಿ. ಕೆಲವು ವಿಶೇಷ ಶಾಲೆಗಳಲ್ಲಿ ಟೀಚರಿಗಿಂತ ಅಡುಗೆಯವರಿಗೆ ಚೆನ್ನಾಗಿ ಸನ್ನೆ ಬರುತ್ತದೆ. ಅದನ್ನೂ ಗಮನಿಸಿ.

ಮನೆಯಲ್ಲಿ ಕಲಿಯಲು ಈಗ ದಾರಿ ಇದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆ ಪ್ರತ್ಯೇಕ ಸಂಸ್ಥೆ ಆಯಿತು. ಅವರು 2018ರಲ್ಲಿ 3,000 ಪದಗಳಿಂದ ಶುರು ಮಾಡಿದ ವಿಡಿಯೊ ನಿಘಂಟು 2021ಕ್ಕೆ 10,000 ಪದ ಆಯಿತು. ಉಚಿತ. ಅಕ್ಷರ ಬಾರದ ಅಜ್ಜಿಯೂ ಪಕ್ಕದಲ್ಲಿ ಕೂತು ವಿಡಿಯೊ ನೋಡಿ ಕಲಿಯಬಹುದು. ಆದರೆ ವಿಡಿಯೊ ಮಾತ್ರ ಸಾಲದು. ಡೆಫ್ ಜನ ಮನೆಗೆ ಬಂದು ಹೋಗಬೇಕು. ಭಾಷೆ ಜನರಿಂದ ಬರುತ್ತದೆ.

ಸುರತ್ಕಲ್ ಅಮ್ಮ

ಎರಡು ತಿಂಗಳಾಯಿತು. ಹೇಗಾಯಿತು ಎಂದು ತುಂಬ ಜನ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಥೆರಪಿ ಬಿಟ್ಟಿಲ್ಲ. ಥೆರಪಿಸ್ಟ್‌ಗೆ ಸನ್ನೆ ಕಲಿಯುತ್ತಿರುವುದನ್ನು ಹೇಳಿದೆ. ಮೊದಲು ಮುಖ ಸಣ್ಣದಾಯಿತು. ಆಮೇಲೆ, ಮಷೀನ್ ಹಾಕುವುದು ತಪ್ಪಿಸಬೇಡಿ ಎಂದಷ್ಟೇ ಹೇಳಿದರು. ಮ್ಯಾಪಿಂಗ್ ಆದ ಮೇಲೆ ಹತ್ತರಲ್ಲಿ ನಾಲ್ಕು ಸಲ ಸ್ ಗೆ ಬೀಜ ಬೀಳುತ್ತದೆ. ಮಾತು ನಿಂತಿಲ್ಲ, ನಲವತ್ತರ ಹತ್ತಿರ ಇದೆ. ಸನ್ನೆ ಎಷ್ಟು ಎಂದು ಎಣಿಸುವುದು ಬಿಟ್ಟೆ. ಸದ್ಯಕ್ಕೆ ಹತ್ತಿರದ ಶಾಲೆಯಲ್ಲಿ ಎಲ್‌ಕೆಜಿಗೆ ಹಾಕಿದ್ದೇವೆ. ಅಲ್ಲಿ ಅವಳು ಸುಸ್ತಾಗುತ್ತಾಳೆ, ಬಂದ ಕೂಡಲೇ ಮಲಗುತ್ತಾಳೆ. ಒಂದನೇ ಕ್ಲಾಸಿಗೆ ಏನು ಮಾಡುವುದು ಎಂದು ಇನ್ನೂ ತೀರ್ಮಾನ ಆಗಿಲ್ಲ.

ಮೂಲ್ಕಿಯವರು ಶನಿವಾರ ಹೆಂಡತಿ ಜೊತೆ ಮನೆಗೆ ಬರುತ್ತಾರೆ. ಮಗಳಿಗೆ ಸನ್ನೆಯ ಹೆಸರು ಕೊಟ್ಟಿದ್ದಾರೆ, ಕೆನ್ನೆಯ ಗುಳಿಗೆ ಒಂದು ಬೆರಳು. ಗಲ್ಫಿನಿಂದ ಅಪ್ಪ ವಿಡಿಯೊ ಕಾಲ್ ಮಾಡಿದಾಗ ಮೊದಲು ಫೋನಿನ ಶಬ್ದ ಅವಳಿಗೆ ಅರ್ಥ ಆಗದೆ ಓಡಿಹೋಗುತ್ತಿದ್ದಳು. ಈಗ ಅವರೂ ಅಲ್ಲಿ ರೂಮಿನಲ್ಲಿ ಕೂತು ಕಲಿಯುತ್ತಿದ್ದಾರೆ. ಮೊನ್ನೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಫೋನ್ ಹಿಡಿದು ಹಿಡಿದು ನನ್ನ ಕೈ ನೋವಾಯಿತು.

ಅತ್ತೆಯದು ಒಂದು ತಕರಾರು ಉಂಟು. ಮೀನು ಅಂತ ಒಂದೇ ಸನ್ನೆ ಸಾಲದಂತೆ. ಬಂಗುಡೆ ಬೇರೆ, ಬೂತಾಯಿ ಬೇರೆ, ಮಗುವಿಗೆ ಎರಡೂ ಗೊತ್ತಿರಬೇಕು ಅನ್ನುತ್ತಾರೆ. ಮೂಲ್ಕಿಯವರೇ, ನಿಮ್ಮಲ್ಲಿ ಇವಕ್ಕೆ ಏನು ಮಾಡುತ್ತೀರಿ?

ಡೆಫ್ ಮೂಲ್ಕಿ

ಅಜ್ಜಿ ಸರಿ ಹೇಳಿದರು. ಬಂಗುಡೆಗೆ ನನ್ನದು ಒಂದು ಸನ್ನೆ ಉಂಟು, ಹೆಂಡತಿ ಕುಂದಾಪುರದವಳು, ಅವಳದು ಬೇರೆ. ಮಲ್ಪೆ ಬಂದರಿನಲ್ಲಿ ನಮ್ಮವರು ಇಬ್ಬರು ಕೆಲಸ ಮಾಡುತ್ತಾರೆ. ಭಾನುವಾರ ಸಿಗುತ್ತಾರೆ. ಕೇಳಿ ವಿಡಿಯೊ ಹಾಕುತ್ತೇನೆ.